‘ತೆಗೀರಿ’ ಅಂದವಳು ನಾನು

ವನಜಾಕ್ಷಿಯವರ ಬಗ್ಗೆ ಬರೆಯಬೇಕೆಂದರೆ ನನ್ನ ತಪ್ಪಿನಿಂದಲೇ ಶುರು ಮಾಡಬೇಕು. ಅದನ್ನು ಮುಚ್ಚಿಟ್ಟು ಅವರ ಗುಣಗಾನಕ್ಕೆ ಕೂತರೆ ನನ್ನಂಥ ಕಳ್ಳಿ ಇನ್ನೊಬ್ಬಳಿಲ್ಲ. ಇಪ್ಪತ್ತಮೂರು ವರ್ಷದ ಕೆಲಸ ಒಂದು ಕನ್ನಡ ಪದದಿಂದ, ಒಂದು ಭಾನುವಾರ ಮಧ್ಯಾಹ್ನ ಎರಡೂವರೆಗೆ, ನಾನು ಉಂಡ ತಟ್ಟೆ ತೊಳೆಯುವ ಮುಂಚೆ ಇಲ್ಲವಾಯಿತು. ಪದ ಆಡಿದವಳು ನಾನು. ಅದನ್ನು ಕೇಳಿ, ಹೇಳಿದ್ದನ್ನು ಹೇಳಿದ ಹಾಗೆ ಮಾಡಿದವರು ಅವರು.

ವನಜಾಕ್ಷಿಯವರಿಗೆ ಈಗ ಐವತ್ತೊಂದು. ಊರು ಮಿಡಿಗೇಶಿ. ದಿನಾ ಬೆಳಿಗ್ಗೆ ಎಂಟರ ಬಸ್ಸಿಗೆ ಮಧುಗಿರಿಗೆ ಬಂದು ಸಿಹಿನೀರು ಟ್ರಸ್ಟಿನ ಬಾಗಿಲ ಬೀಗ ತೆರೆಯುವವರು ಅವರೇ. ಟ್ರಸ್ಟು ಕಟ್ಟಿದ್ದು ಕೊರಟಗೆರೆಯ ಸಂಜೀವಯ್ಯ ಮೇಷ್ಟ್ರು. ರಿಟೈರಾದ ಮೇಲೆ ಮನುಷ್ಯ ಸುಮ್ಮನೆ ಕೂರಬೇಕೋ ಬೇಡವೋ. ಇವರು ಸೈಕಲ್ಲಿಗೆ ಬಾಟಲಿ ಕಟ್ಟಿಕೊಂಡು ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಅಂತ ನಾಲ್ಕು ತಾಲ್ಲೂಕಿನ ಬೋರ್‌ವೆಲ್ ನೀರು ಹಿಡಿದು ತರುತ್ತಿದ್ದರು. ನಮ್ಮ ಕಡೆ ನೀರಿನಲ್ಲಿ ಫ್ಲೋರೈಡ್ ಎಷ್ಟಿದೆ ಎಂದು ತಿಳಿಯಲು ಯಂತ್ರ ಬೇಕಿಲ್ಲ, ಮಕ್ಕಳ ಹಲ್ಲು ನೋಡಿದರೆ ಸಾಕು. ಮೊದಲು ಹಳದಿ, ಆಮೇಲೆ ಕಂದು ಪಟ್ಟೆ. ವಯಸ್ಸಾದ ಮೇಲೆ ಮಂಡಿ ಮಡಚುವುದಿಲ್ಲ. ಮೇಷ್ಟ್ರು ಶಾಲೆಶಾಲೆಗೂ ಹೋಗಿ ಮಕ್ಕಳ ಬಾಯಿ ನೋಡಿ, ಮಂಡಿ ಮಡಚಿಸಿ ನೋಡಿ, ಹೆಸರು ಹಿಡಿದು ಬರೆಯುತ್ತಿದ್ದರು. ಎರಡು ವರ್ಷ ಬಿಟ್ಟು ಹೋಗಿ ಅದೇ ಮಕ್ಕಳನ್ನು ಮತ್ತೆ ನೋಡುತ್ತಿದ್ದರು. ಅಂಥ ರಿಜಿಸ್ಟರ್‌ಗಳು ಅರವತ್ತೊಂದಾದವು.

ವನಜಾಕ್ಷಿ ಅಲ್ಲಿ ಸೇರಿದ್ದು ಬಾಟಲಿ ತೊಳೆಯಲು. ಎಸ್ಸೆಸ್ಸೆಲ್ಸಿ ಪಾಸಾಗಿದ್ದೇನೆ ಎಂದು ಅವರಾಗಿ ಯಾರಿಗೂ ಹೇಳಿರಲಿಲ್ಲ. ಒಂದು ದಿನ ಬಾಟಲಿಯೊಂದನ್ನು ಕೈಯಲ್ಲಿ ಹಿಡಿದು ಮೇಷ್ಟ್ರ ಮುಂದೆ ನಿಂತರಂತೆ. “ಇದು ತಾವರೆಕೆರೆ ನೀರಲ್ಲ ಮೇಷ್ಟ್ರೆ, ತಾವರೆಕೆರೆ ನೀರು ಬಾಟ್ಲಿಗೆ ಬಿಳೇ ಕಟ್ತದೆ. ಚೀಟಿ ಅದಲುಬದಲಾಗೈತೆ” ಅಂದರಂತೆ. ಮೇಷ್ಟ್ರು ಮತ್ತೆ ಪರೀಕ್ಷೆ ಮಾಡಿಸಿದರು. ಅವರು ಹೇಳಿದ್ದೇ ಸರಿ. ಮರುದಿನದಿಂದ ಚೀಟಿ ಬರೆಯುವ ಕೆಲಸ ಅವರಿಗೆ ಬಂತು, ಆಮೇಲೆ ರಿಜಿಸ್ಟರು, ಕೊನೆಗೆ ಕಂಪ್ಯೂಟರು. ಅರವತ್ತೊಂದು ರಿಜಿಸ್ಟರನ್ನೂ ನಾಲ್ಕು ವರ್ಷದಲ್ಲಿ ಒಬ್ಬರೇ ಟೈಪ್ ಮಾಡಿದರು. ಅರ್ಧ ಮುಗಿದಾಗ ಮೇಷ್ಟ್ರು ತೀರಿಕೊಂಡರು. ಉಳಿದರ್ಧವನ್ನು ಇವರು ಒಂದು ದಿನವೂ ರಜಾ ಹಾಕದೆ ಮುಗಿಸಿದರು.

ನಾನು ಅನುಷಾ. ಹುಟ್ಟಿದ್ದು ಪಾವಗಡದ ತಿರುಮಣಿ. ಈಗ ಶಿರಾದಲ್ಲಿ ಹಿದಾಯತುಲ್ಲಾ ಅನ್ನುವವರ ಮನೆಯ ಮೇಲಂತಸ್ತಿನಲ್ಲಿ ಬಾಡಿಗೆಗಿದ್ದೇನೆ. ಲಿನಕ್ಸ್ ಅನ್ನುವ ತಂತ್ರಾಂಶದ ಮೇಲೆ ಓಡುವ ಸರ್ವರ್‌ಗಳನ್ನು ನೋಡಿಕೊಳ್ಳುವುದು ನನ್ನ ಹೊಟ್ಟೆಪಾಡು. ಟ್ರಸ್ಟಿನ ಕಂಪ್ಯೂಟರನ್ನು ಐದು ವರ್ಷದಿಂದ ಪುಕ್ಕಟೆಯಾಗಿ ನೋಡಿಕೊಳ್ಳುತ್ತಿದ್ದೆ. ಅದೊಂದು ಹೆಮ್ಮೆ ಬೇರೆ.

ವನಜಾಕ್ಷಿಯವರಿಗೆ ಕಪ್ಪು ತೆರೆಯ ಮೇಲೆ ಆಜ್ಞೆ ಟೈಪ್ ಮಾಡಿ ಕೆಲಸ ಮಾಡುವುದನ್ನು ಕಲಿಸಿದ್ದೂ ನಾನೇ, ಎಲ್ಲ ಫೋನಿನಲ್ಲೇ. ಅವರ ಹತ್ತಿರ ಕೆಂಪು ರೆಕ್ಸಿನ್ ಹೊದಿಕೆಯ ಒಂದು ನೋಟ್‌ಬುಕ್ಕಿದೆ. ನಾನು ಹೇಳಿದ್ದೆಲ್ಲ ಅದರಲ್ಲಿ ಕನ್ನಡದಲ್ಲಿ, ತಾರೀಕಿನ ಸಮೇತ ಇಳಿಯುತ್ತಿತ್ತು. ‘ಎಲ್‌ಎಸ್: ಏನಿದೆ ನೋಡುವುದು. ಸಿಡಿ: ಒಳಗೆ ಹೋಗುವುದು.’ ಹೀಗೆ. ಅವರಿಗೆ ಇನ್ನೊಂದು ಅಭ್ಯಾಸವಿತ್ತು. ಎಂಟರ್ ಕೀ ಒತ್ತುವ ಮುಂಚೆ ಪ್ರತಿ ಸಲವೂ “ಒತ್ಲಾ?” ಎಂದು ಕೇಳುವರು. ನಾನು “ಒತ್ತಿ” ಅನ್ನುವ ತನಕ ಬೆರಳು ಮೇಲೇ ನಿಂತಿರುತ್ತಿತ್ತು. ದಿನಕ್ಕೆ ನೂರು ಸಲ ಒತ್ತಿ ಅಂದು ಅಂದು ನನಗೆ ಸಾಕಾಗಿತ್ತು. “ಚಿಕ್ಕ ಮಕ್ಕಳ ಥರ ಎಲ್ಲದಕ್ಕೂ ಕೇಳ್ಬೇಡಿ, ನೇರವಾಗಿ ಒತ್ತಿ” ಎಂದು ಆ ಶನಿವಾರವಷ್ಟೇ ರೇಗಿದ್ದೆ. ಅವರು ಆಯ್ತು ಅಂದಿದ್ದರು.

ಅವರೂ ಒಂದು ಮಾತು ಅಂದಿದ್ದರು. “ನೀವು ಎಕ್ಸ್‌ಟ್ರಾಕ್ಟು, ಮೌಂಟು, ಪ್ಯಾರಾಮೀಟ್ರು ಅಂದ್ರೆ ನಂಗೆ ಹತ್ತರಾಗೆ ಎಂಟು ತಲೆ ಮ್ಯಾಲೇ ಹೋಯ್ತದೆ ಕಣಮ್ಮ. ವಸಿ ಕನ್ನಡದಾಗೆ ಹೇಳಿ.” ನನಗೆ ಛಲ ಬಂತು. ಭಾನುವಾರ ಒಂದೇ ಒಂದು ಇಂಗ್ಲಿಷ್ ಪದ ಬಾಯಿಂದ ಬೀಳಬಾರದು ಎಂದು ಶಪಥ ಮಾಡಿಕೊಂಡೆ. ‘ಓಪನ್’ ಅನ್ನುವುದು ನಮ್ಮಜ್ಜಿಗೂ ಗೊತ್ತಿದ್ದ ಪದ. ಅದನ್ನೂ ಬಿಟ್ಟೆ. ಕನ್ನಡಾಭಿಮಾನ ಉಕ್ಕುವುದಕ್ಕೂ ಒಂದು ಹೊತ್ತುಗೊತ್ತು ಬೇಡವೇ.

ಆ ವಾರ ಏನು ನಡೆದಿತ್ತೆಂದರೆ, ಟ್ರಸ್ಟಿನ ಹಳೇ ಕಂಪ್ಯೂಟರು ಸುಟ್ಟುಹೋಗುವ ಸ್ಥಿತಿಗೆ ಬಂದಿತ್ತು. ಯಾರೋ ದಾನಿಗಳು ತಮ್ಮ ಕಂಪನಿಯ ದೊಡ್ಡ ಸರ್ವರನ್ನೂ, ಬ್ಯಾಂಕು, ವಿಮಾ ಕಂಪನಿಗಳು ಬಳಸುವಂಥ ಭಾರಿ ಡೇಟಾಬೇಸ್ ತಂತ್ರಾಂಶವನ್ನೂ ಕೊಟ್ಟರು. ಅಂಗಳ ಗುಡಿಸಲು ಟ್ರ್ಯಾಕ್ಟರ್ ತಂದ ಹಾಗೆ. ಆದರೂ ಕೊಟ್ಟದ್ದನ್ನು ಬೇಡ ಅನ್ನಲು ಬರುತ್ತದೆಯೇ. ಬುಧವಾರ ನಾನು ಮಧುಗಿರಿಗೆ ಹೋಗಿ ಸರ್ವರಿಗೆ ಲಿನಕ್ಸ್ ಹಾಕಿ, ಹಳೇ ಕಂಪ್ಯೂಟರಿನಲ್ಲಿದ್ದುದನ್ನೆಲ್ಲ ಅದಕ್ಕೆ ಸಾಗಿಸಿ, ‘ಹಳೇದು’ ಎಂದು ಹೆಸರಿಟ್ಟ ಒಂದು ಫೋಲ್ಡರಿನಲ್ಲಿ ಸುರಿದು ಬಂದೆ. ಶುಕ್ರವಾರ ಹಳೇ ಯಂತ್ರ ಪ್ರಾಣ ಬಿಟ್ಟಿತು. ಸಕಾಲಕ್ಕೆ ಉಳಿಸಿಕೊಂಡೆವು ಎಂದು ನಾವಿಬ್ಬರೂ ಫೋನಿನಲ್ಲೇ ಖುಷಿಪಟ್ಟೆವು.

ಇನ್ನುಳಿದದ್ದು ಡೇಟಾಬೇಸ್ ಹಾಕಿ, ಹಳೇದನ್ನು ಅದಕ್ಕೆ ತುಂಬುವುದು. ಗುರುವಾರದೊಳಗೆ ಆಗಬೇಕಿತ್ತು. ಗುರುವಾರ ಸರ್ಕಾರದ ನೀರಿನ ಸಮಿತಿಯವರು ಬಂದು ಯಾವ ಊರುಗಳಿಗೆ ಶುದ್ಧ ನೀರಿನ ಘಟಕ ಎಂದು ತೀರ್ಮಾನ ಮಾಡುವವರಿದ್ದರು. ಟ್ರಸ್ಟು ಮೂವತ್ತೆಂಟು ಊರಿನ ಪಟ್ಟಿ ಕೊಟ್ಟಿತ್ತು. ದಾಖಲೆ ತೋರಿಸದ ಊರು ಪಟ್ಟಿಯಿಂದ ಬಿಟ್ಟುಹೋಗುತ್ತದೆ ಎಂದು ಮೊದಲೇ ಹೇಳಿದ್ದರು.

ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಕೂತೆವು. ವನಜಾಕ್ಷಿ ಮಧುಗಿರಿಯಲ್ಲಿ ಸರ್ವರಿನ ಮುಂದೆ, ನಾನು ಶಿರಾದಲ್ಲಿ ಫೋನಿನ ಮುಂದೆ. ಆಫೀಸಿನ ಇಂಟರ್ನೆಟ್ ಕೈ ಕೊಟ್ಟಿದ್ದರಿಂದ ನನ್ನ ಯಂತ್ರದಿಂದ ಅವರದಕ್ಕೆ ಹೋಗಲು ಆಗುತ್ತಿರಲಿಲ್ಲ. “ವಿಡಿಯೋ ಕಾಲ್ ಮಾಡ್ಲಾ? ನನ್ ಮೊಬೈಲ್‌ನಾಗೆ ನೆಟ್ ಐತೆ, ಪರದೆ ಕಾಣ್ತದೆ ನಿಮಗೆ” ಅಂದರು. ಬೇಡ ಅಂದೆ. ನನಗೆ ವಿಡಿಯೋ ಕಾಲ್ ಆಗದು. ಮುಖ ತೋರಿಸಿ ಮಾತಾಡುವುದೆಂದರೆ ಮೊದಲಿನಿಂದಲೂ ಆಗದು. ಯಾಕೆಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಮೊದಲ ಪ್ರಯತ್ನ ಅರ್ಧಕ್ಕೆ ನಿಂತಿತು. ಇಂಥ ತಂತ್ರಾಂಶಕ್ಕೆ ನೂರೆಂಟು ಮಡಿ. ಮೆಮೊರಿ ಇಷ್ಟಿರಬೇಕು, ಬಳಕೆದಾರರ ಗುಂಪು ಹೀಗಿರಬೇಕು, ಒಂದು ಕಡಿಮೆಯಾದರೂ ಮುಖ ತಿರುಗಿಸುತ್ತದೆ. “ಅರ್ಧ ಆಗಿರೋದನ್ನ ಪೂರಾ ತೆಗೀರಿ, ಮೊದಲಿಂದ ಶುರು ಮಾಡೋಣ” ಅಂದೆ. ಅವರು ನೋಟ್‌ಬುಕ್ ನೋಡಿ ತೆಗೆದರು. ಎರಡನೇ ಸಲ ಸಲೀಸಾಗಿ ಹೋಯಿತು. ಮಧ್ಯಾಹ್ನದ ಹೊತ್ತಿಗೆ ಕೊನೆಯ ಎರಡು ಸ್ಕ್ರಿಪ್ಟು, ಅಂದರೆ ಸಿದ್ಧ ಆಜ್ಞೆಗಳ ಕಡತ, ಓಡಿಸಲು ‘ರೂಟ್’ ಆಗಬೇಕು ಎಂದು ತೆರೆ ಕೇಳಿತು. ರೂಟ್ ಅಂದರೆ ಯಂತ್ರದ ಯಜಮಾನ. ಅವನು ಏನು ಮಾಡಿದರೂ ‘ಖಂಡಿತಾನಾ?’ ಎಂದು ಲಿನಕ್ಸ್ ಕೇಳುವುದಿಲ್ಲ. ರೂಟ್ ಆಗಿಸಿದೆ. ಸ್ಕ್ರಿಪ್ಟು ಓಡಿದವು. ತೆರೆಯ ಮೇಲೆ ‘ಯಶಸ್ವಿ’ ಎಂದು ಬಂತೆಂದು ಅವರು ಓದಿದಾಗ ನಾನು ತಟ್ಟೆಯಲ್ಲಿ ಕೊನೆಯ ತುತ್ತು ಕಲಸುತ್ತಿದ್ದೆ. ಯಜಮಾನನ ಪಟ್ಟದಿಂದ ಕೆಳಗಿಳಿಸಲು ಮರೆತೆ.

“ಈಗ ಆ ‘ಹಳೇದು’ ತೆಗೀರಿ” ಅಂದೆ.

ಕೀಲಿಗಳ ಸದ್ದು ಕೇಳಿಸಿತು. “ಒತ್ಲಾ” ಎಂದು ಅವರು ಕೇಳಲಿಲ್ಲ.

“ತೆಗ್ದೆ ಕಣಮ್ಮ.”

“ಏನೇನಿದೆ ಹೇಳಿ.”

“ಎಲ್ಲಿ?”

“ಅದರೊಳಗೆ.”

“ಅದೇ ಇಲ್ವಲ್ಲಮ್ಮ. ತೆಗೀರಿ ಅಂದ್ರಿ, ತೆಗ್ದ್‌ಬುಟ್ಟೆ.”

ನನಗೆ ಅರ್ಥವಾಗಲಿಲ್ಲ. ಅರ್ಥವಾಗಲಿಲ್ಲ ಅನ್ನುವುದಕ್ಕಿಂತ ಅರ್ಥ ಮಾಡಿಕೊಳ್ಳಲು ನನ್ನ ತಲೆ ಒಪ್ಪಲಿಲ್ಲ. ಏನು ಟೈಪ್ ಮಾಡಿದಿರಿ ಓದಿ ಅಂದೆ. ಅಕ್ಷರ ಅಕ್ಷರವಾಗಿ ಓದಿದರು. ಆರ್, ಎಂ, ಆಮೇಲೆ ಒಂದು ಗೆರೆ, ಆರ್, ಎಫ್. ಫೋಲ್ಡರನ್ನು ಒಳಗಿದ್ದುದರ ಸಮೇತ ಅಳಿಸುವ ಆಜ್ಞೆ ಅದು. ಲಿನಕ್ಸಿನಲ್ಲಿ ಹೀಗೆ ಅಳಿಸಿದ್ದನ್ನು ಹೆಕ್ಕಿಕೊಳ್ಳಲು ಕಸದ ಬುಟ್ಟಿ ಇರುವುದಿಲ್ಲ. ಹೋಯಿತೆಂದರೆ ಹೋಯಿತು. ಬಾಗಿಲು ತೆಗಿ, ಪುಸ್ತಕ ತೆಗಿ ಅನ್ನುವ ಹಾಗೆ ನಾನು ‘ಹಳೇದು’ ತೆಗಿ ಅಂದಿದ್ದೆ. ಮುಳ್ಳು ತೆಗಿ, ಕಸ ತೆಗಿ ಅನ್ನುವ ಹಾಗೆ ಅವರು ಕೇಳಿಸಿಕೊಂಡಿದ್ದರು.

“ಯಾಕಮ್ಮ, ಏನಾಯ್ತು?” ಎಂದು ಅವರು ಕೇಳುತ್ತಲೇ ಇದ್ದರು. ಅಳಿಸಿದ ಜಾಗದ ಮೇಲೆ ಯಂತ್ರ ಬೇರೇನೂ ಬರೆಯದಿರಲಿ ಎಂದು, ಸರ್ವರಿನ ಪ್ಲಗ್ ಕಿತ್ತುಬಿಡಿ ಎಂದಷ್ಟೇ ಹೇಳಿದೆ.

ಮೆಟ್ಟಿಲು ಇಳಿಯುವಾಗ ನನ್ನ ಕೈ ಇನ್ನೂ ಎಂಜಲಾಗಿತ್ತು. ಕೆಳಗೆ ಹಿದಾಯತುಲ್ಲಾ ಸಾಹೇಬರು ನನ್ನ ಮುಖ ನೋಡಿ “ಕ್ಯಾ ಹುವಾ ಬೇಟಿ, ಊರಲ್ಲಿ ಯಾರಿಗಾದ್ರೂ ಏನಾದ್ರೂ ಆಯ್ತಾ?” ಅಂದರು. ಹೂಂ ಅಂದೆ. ಸುಳ್ಳು ಅನ್ನಿಸಲಿಲ್ಲ. ಅವರು ತಮ್ಮ ಕಾರಿನಲ್ಲಿ ಮಧುಗಿರಿಯ ತನಕ ಬಿಟ್ಟುಬಂದರು. ದಾರಿಯುದ್ದಕ್ಕೂ ಒಂದೇ ಧೈರ್ಯ ಹೇಳಿಕೊಂಡೆ. ಬ್ಯಾಕಪ್ ಇದೆ, ಎಲ್ಲದರ ನಕಲು ದಿನಾ ಆಗುತ್ತದೆ, ನಾನೇ ಹೊಂದಿಸಿದ್ದು.

ಮಧುಗಿರಿಯಲ್ಲಿ ಸರ್ವರಿನ ಮುಂದೆ ಕೂತು, ಆ ಬ್ಯಾಕಪ್ ಎಲ್ಲಿ ಹೋಗಿ ಬೀಳುತ್ತಿತ್ತು ಎಂದು ನೆನಪು ಮಾಡಿಕೊಂಡೆ. ಅದೂ ಹಳೇ ಕಂಪ್ಯೂಟರಿನಲ್ಲೇ ಇತ್ತು. ಎಲ್ಲದರ ಜೊತೆ ಅದನ್ನೂ ನಾನೇ ‘ಹಳೇದು’ ಫೋಲ್ಡರಿಗೆ ಸುರಿದಿದ್ದೆ. ಮನೆಯ ಬೀಗದ ಕೈಯನ್ನು ಮನೆಯೊಳಗೇ ಇಟ್ಟು ಬೀಗ ಹಾಕಿಕೊಂಡವಳ ಕಥೆ. ಅಳಿಸಿದ್ದನ್ನು ಎತ್ತುವ ಸಾಧನಗಳನ್ನೆಲ್ಲ ಹಚ್ಚಿ ನೋಡಿದೆ. ಹೊಸ ಬಗೆಯ ಡಿಸ್ಕು, ಅಳಿಸಿದ ಜಾಗವನ್ನು ತಾನೇ ಒರೆಸಿ ಇಡುತ್ತದೆ. ಒಂದು ಹೆಸರೂ ಮೇಲೆ ಬರಲಿಲ್ಲ. ಸುಟ್ಟ ಹಳೇ ಯಂತ್ರವನ್ನು ಶನಿವಾರವೇ ಗುಜರಿಯವನು ಒಯ್ದಿದ್ದ.

ಟ್ರಸ್ಟಿನ ಕಾರ್ಯದರ್ಶಿ ವೀರಭದ್ರಯ್ಯನವರು ಓಡಿಬಂದರು. ವಿಷಯ ಕೇಳಿ ಕುರ್ಚಿ ಹಿಡಿದು ಕೂತರು. ಮೇಷ್ಟ್ರ ಶಿಷ್ಯ ಅವರು, ಸಾಧು ಮನುಷ್ಯ, ಯಾರಿಗೂ ಏರು ದನಿಯಲ್ಲಿ ಮಾತಾಡಿದವರಲ್ಲ. ಅಂದು ವನಜಾಕ್ಷಿಯವರ ಕಡೆ ತಿರುಗಿ, “ಬಾಟ್ಲಿ ತೊಳೆಯೋರ ಕೈಗೆ ಇದನ್ನ ಕೊಟ್ಟದ್ದು ನಮ್ಮ ತಪ್ಪು” ಅಂದರು. “ನನ್ನ ಕೈಯಾಗೇ ಆಯ್ತು ಸಾರ್” ಎಂದರು ವನಜಾಕ್ಷಿ. ಗೋಡೆಗೆ ಒರಗಿ ನಿಂತಿದ್ದರು, ಕೆಂಪು ನೋಟ್‌ಬುಕ್ಕು ಎದೆಗೊತ್ತಿಕೊಂಡು.

ಇನ್ನು ಹೇಳುವುದು ನಾಚಿಕೆಯ ಮಾತು. ನಾನು ಸುಮ್ಮನಿದ್ದೆ. ಕಾಲು ಗಂಟೆ ಸುಮ್ಮನಿದ್ದೆ. ‘ತೆಗೀರಿ’ ಅಂದದ್ದು ನಾನು ಎಂದು ಬಾಯಿ ಬಿಡಲಿಲ್ಲ. ಅವರೂ ನನ್ನ ಹೆಸರೆತ್ತಲಿಲ್ಲ. ಏನು ಒತ್ತಿದಿರೋ ತೋರಿಸಿ ಎಂದು ದೊಡ್ಡ ಪರೀಕ್ಷಕಳ ಹಾಗೆ ನೋಟ್‌ಬುಕ್ ಕೇಳಿ ಇಸಿದುಕೊಂಡೆ. ಹನ್ನೆರಡನೇ ಪುಟದಲ್ಲಿ ಗುಂಡಗಿನ ಅಕ್ಷರದಲ್ಲಿ ಇತ್ತು: ‘ಆರ್‌ಎಂ: ತೆಗೆಯುವುದು. ಮೈನಸ್ ಆರ್‌ಎಫ್ ಸೇರಿಸಿದರೆ ಪೂರಾ ತೆಗೆಯುವುದು. ಹೇಳಿದವರು ಅನುಷಾ ಮೇಡಂ.’ ಕೆಳಗೆ ತಾರೀಕು. ಅದರ ಕೆಳಗೆ ಹೊಸ ಶಾಯಿಯಲ್ಲಿ, ಮೊನ್ನೆ ಶನಿವಾರದ್ದು: ‘ಇನ್ನು ಮೇಲೆ ಒತ್ಲಾ ಎಂದು ಕೇಳಬಾರದು.’

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ನಾನು ಆಡಿದ ಮಾತೆಲ್ಲ ಅಲ್ಲಿ ಬರಹದಲ್ಲಿತ್ತು. ಪುಟವನ್ನು ವೀರಭದ್ರಯ್ಯನವರ ಕೈಗಿಟ್ಟು, “ಅವರದು ಏನೂ ತಪ್ಪಿಲ್ಲ ಸಾರ್, ನಾನು ಹೇಳಿದ್ದನ್ನ ಮಾಡಿದಾರೆ” ಅಂದೆ. ಅವರು ಓದಿದರು, ಕನ್ನಡಕ ತೆಗೆದರು, ನೋಟ್‌ಬುಕ್ಕನ್ನು ಎರಡೂ ಕೈಯಿಂದ ವನಜಾಕ್ಷಿಯವರಿಗೆ ವಾಪಸ್ ಕೊಟ್ಟರು. ಬೈದಿದ್ದರೆ ಹಗುರವಾಗುತ್ತಿತ್ತು.

“ರಿಜಿಸ್ಟರ್?” ಎಂದೆ ಕೊನೆಗೆ. ಹಿಂದಿನ ಕೋಣೆಯ ಕಪಾಟಿನ ಕಡೆ ಓಡಿದೆ. ಖಾಲಿ. ಬಾಟಲಿಯ ರಟ್ಟಿನ ಡಬ್ಬ ಬಿಟ್ಟರೆ ಏನೂ ಇಲ್ಲ.

“ಹೋದ ವರ್ಷ ನೀನೇ ಅಲ್ವೇನಮ್ಮ ಹೇಳಿದ್ದು,” ಎಂದರು ವೀರಭದ್ರಯ್ಯ. “ಎಲ್ಲ ಕಂಪ್ಯೂಟರಿಗೆ ಬಂತು, ಬಾಟ್ಲಿ ಇಡೋಕೆ ಜಾಗ ಬೇಕು, ಆ ರಿಜಿಸ್ಟರೆಲ್ಲ ತೆಗೀರಿ ಅಂತ.”

ಹೌದು. ಅದನ್ನೂ ಅಂದಿದ್ದೆ. ಅದೇ ಪದದಲ್ಲಿ ಅಂದಿದ್ದೆ. ಖಾಲಿ ಕಪಾಟಿನ ಮುಂದೆ ನೆಲದ ಮೇಲೆ ಕೂತೆ. ಎರಡು ಸಲ ಬಾಯಿ ತೆರೆದು ಒಬ್ಬ ಮನುಷ್ಯನ ಇಡೀ ಆಯುಷ್ಯವನ್ನು ತೆಗೆದುಹಾಕಿದ್ದೆ. ಹಾಗೆ ಕೂತು ಎಷ್ಟು ಹೊತ್ತಾಯಿತೋ, ವನಜಾಕ್ಷಿ ಹತ್ತಿರ ಬಂದು ಭುಜ ಮುಟ್ಟಿದರು. “ಎದ್ದೇಳಿ, ಐದು ಗಂಟೆ ಬಸ್ ಐತೆ. ನಮ್ಮೂರಿಗೆ ಹೋಗ್ಬರಾನ” ಅಂದರು. ಯಾಕೆ ಅಂದರೆ ಹೇಳಲಿಲ್ಲ. ಪಾಪ, ಊಟ ಹಾಕಿಸಿ ಸಮಾಧಾನ ಮಾಡಲು ಕರೆದುಕೊಂಡು ಹೋಗುತ್ತಿದ್ದಾರೆ ಅಂದುಕೊಂಡೆ.

ಮಿಡಿಗೇಶಿಯ ಮನೆ ಎರಡು ಕೋಣೆಯದು. ಅವರ ಅತ್ತೆ ಓಬಳಮ್ಮ ಹಜಾರದಲ್ಲಿ ಅವರೆಕಾಯಿ ಬಿಡಿಸುತ್ತಿದ್ದರು. ವನಜಾಕ್ಷಿ ಏಣಿ ಹಾಕಿ ಅಟ್ಟ ಹತ್ತಿದರು. ಮೇಲಿಂದ ಗೊಬ್ಬರದ ಪ್ಲಾಸ್ಟಿಕ್ ಚೀಲವೊಂದು ಇಳಿಯಿತು, ಬಾಯಿ ಬಿಗಿಯಾಗಿ ಕಟ್ಟಿದ್ದು. ಬಿಚ್ಚಿದರೆ ಒಣಗಿದ ಬೇವಿನ ಸೊಪ್ಪು, ಅದರ ನಡುವೆ ಮೇಷ್ಟ್ರ ರಿಜಿಸ್ಟರುಗಳು. ಇನ್ನೊಂದು ಚೀಲ. ಮತ್ತೊಂದು. ಪ್ರತಿ ಚೀಲಕ್ಕೂ ಅವರದೇ ಅಕ್ಷರದ ಚೀಟಿ. ಒಟ್ಟು ಒಂಬತ್ತು ಚೀಲ, ಅರವತ್ತೊಂದು ರಿಜಿಸ್ಟರು.

“ಒಂದು ವರ್ಷದಿಂದ ಕಾಳು ಇಕ್ಕಾಕೆ ಜಾಗಿಲ್ಲ,” ಎಂದರು ಓಬಳಮ್ಮ ತಲೆ ಎತ್ತದೆ. “ಒಯ್ದ್‌ಬುಡ್ರವ್ವ ಅತ್ಲಾಗೆ.”

“ನಾನು ತೆಗೀರಿ ಅಂದಿದ್ದೆನಲ್ಲ” ಅಂದೆ.

ಅಟ್ಟದ ಮೇಲಿನಿಂದ ವನಜಾಕ್ಷಿ ಇಣುಕಿ ನೋಡಿದರು. ಕೂದಲೆಲ್ಲ ಧೂಳು. “ಊಂ. ತೆಗೀರಿ ಅಂದ್ರಿ. ತೆಗ್ದಿಟ್ಟೆ” ಅಂದರು. ಅವರ ಮುಖದಲ್ಲಿ ಜಾಣತನವೂ ಇರಲಿಲ್ಲ, ಗೆದ್ದ ಹೆಮ್ಮೆಯೂ ಇರಲಿಲ್ಲ. ಮೇಷ್ಟ್ರ ಬರಹವನ್ನು ಬಿಸಾಡು ಎಂದು ಯಾರಾದರೂ ಹೇಳುತ್ತಾರೆ ಎನ್ನುವುದೇ ಅವರ ತಲೆಗೆ ಹೊಳೆದಿರಲಿಲ್ಲ. ನಾನು ಅಲ್ಲೇ ಏಣಿಗೆ ತಲೆ ಕೊಟ್ಟು ಅತ್ತುಬಿಟ್ಟೆ.

ಆಮೇಲೆ ಸುಮ್ಮನೆ ಕೈಗೆ ಸಿಕ್ಕ ಚೀಲ ನೋಡಿದೆ. ‘ಪಾವಗಡ, ಮೊದಲ ಸುತ್ತು’ ಎಂದಿತ್ತು. ತಿರುಮಣಿ ಶಾಲೆಯ ಪುಟ ತಿರುವಿದೆ. ನಾಲ್ಕನೇ ತರಗತಿ. ಏಳನೇ ಸಾಲಿನಲ್ಲಿ ನಾನಿದ್ದೆ. ‘ಅನುಷಾ, ತಂದೆ ಕದಿರಯ್ಯ, ವಯಸ್ಸು ೯. ಹಲ್ಲು: ಕಂದು ಪಟ್ಟೆ. ಮಂಡಿ: ಸರಿ ಇದೆ.’ ಕೊನೆಯ ಅಂಕಣ ಷರಾ. ಅದರಲ್ಲಿ ಮೇಷ್ಟ್ರ ಓರೆ ಅಕ್ಷರ: ‘ಜಾಣೆ. ನಗುವಾಗ ಬಾಯಿಗೆ ಕೈ ಅಡ್ಡ ಇಡುತ್ತಾಳೆ. ಈ ಮಗು ನಗುವಂತಾಗಬೇಕು.’

ಸೈಕಲ್ಲಿನ ಮುದುಕರೊಬ್ಬರು ನಮ್ಮ ಶಾಲೆಗೆ ಬಂದದ್ದು ಮಸುಕಾಗಿ ನೆನಪಿತ್ತು. ಅವರೇ ಮೇಷ್ಟ್ರು ಎಂದು ಐದು ವರ್ಷ ಅವರ ದಾಖಲೆ ನೋಡಿಕೊಂಡ ನನಗೆ ಒಮ್ಮೆಯೂ ಹೊಳೆದಿರಲಿಲ್ಲ. ಆ ಸಾಲು ಕಂಪ್ಯೂಟರಿನಲ್ಲಿ ಎಂದೂ ಇರಲಿಲ್ಲ. ಟೈಪ್ ಮಾಡಲು ಶುರು ಮಾಡಿದ ವರ್ಷ ನಾನೇ ಹೇಳಿದ್ದೆ. ಷರಾ ಅಂಕಣದಲ್ಲಿ ಬರೀ ಹರಟೆ ಇದೆ, ಅದನ್ನ ತೆಗೀರಿ ಎಂದು. ವಿಡಿಯೋ ಕಾಲ್ ಬೇಡ ಅಂದದ್ದಕ್ಕೂ ಅದೇ ಹಲ್ಲು ಕಾರಣ. ಅಂದು ಮುಖ ತೋರಿಸಿದ್ದರೆ ಪರದೆಯೂ ಕಾಣುತ್ತಿತ್ತು, ಅವರ ಬೆರಳನ್ನು ತಡೆಯುತ್ತಿದ್ದೆ. ಒಂಬತ್ತು ವರ್ಷದವಳ ಬಾಯಿಗೆ ಅಡ್ಡ ಹೋದ ಕೈ ಇಪ್ಪತ್ತಮೂರು ವರ್ಷ ಆದಮೇಲೆ ನನ್ನನ್ನು ಇಲ್ಲಿಗೆ ತಂದು ನಿಲ್ಲಿಸಿತ್ತು.

ಸೋಮವಾರದಿಂದ ಬುಧವಾರದ ತನಕ ವೀರಭದ್ರಯ್ಯನವರೂ ಸೇರಿ ನಾವು ಮೂವರೂ ಕೂತು ಪೆನ್ಸಿಲಿನಲ್ಲಿ ಊರೂರಿನ ಲೆಕ್ಕ ತೆಗೆದೆವು. ಗುರುವಾರ ಸಮಿತಿಯ ಮೇಜಿನ ಮೇಲೆ ಒಂಬತ್ತು ಗೊಬ್ಬರದ ಚೀಲ ಇಳಿಸಿದೆವು. “ಇದು ಕಂಪ್ಯೂಟರಿನಲ್ಲಿ ಇಲ್ವೇನು?” ಎಂದು ಒಬ್ಬರು ಕೇಳಿದರು. “ಇತ್ತು ಸಾರ್” ಎಂದರು ವನಜಾಕ್ಷಿ. ಒಂದೇ ಮಗುವನ್ನು ಹತ್ತು ವರ್ಷ ಬೆನ್ನು ಹತ್ತಿ ನೋಡಿದ ಪುಟಗಳನ್ನು ತಿರುವಿದ ಮೇಲೆ ಕೇಳಿದವರು ಮತ್ತೆ ಕಂಪ್ಯೂಟರಿನ ಮಾತೆತ್ತಲಿಲ್ಲ. ಮೂವತ್ತೆಂಟು ಊರೂ ಪಟ್ಟಿಯಲ್ಲಿ ಉಳಿದವು.

ಈಗ ವನಜಾಕ್ಷಿ ಎಲ್ಲವನ್ನೂ ಮೊದಲಿನಿಂದ ಟೈಪ್ ಮಾಡುತ್ತಿದ್ದಾರೆ. ಹೊಸ ಡೇಟಾಬೇಸಿನಲ್ಲಿ ನಾನು ಮೊದಲು ಕಟ್ಟಿದ ಅಂಕಣ ಷರಾ. ಬ್ಯಾಕಪ್ಪು ಮೂರು ಬೇರೆ ಬೇರೆ ಊರಿನಲ್ಲಿದೆ. ನೋಟ್‌ಬುಕ್ಕಿನ ಹನ್ನೆರಡನೇ ಪುಟದಲ್ಲಿ ‘ತೆಗೆಯುವುದು’ ಎಂಬುದನ್ನು ಹೊಡೆದುಹಾಕಿ ‘ಅಳಿಸುವುದು, ವಾಪಸ್ ಬರುವುದಿಲ್ಲ’ ಎಂದು ನನ್ನ ಕೈಯಲ್ಲೇ ಬರೆಸಿ, ಕೆಳಗೆ ಸಹಿ ಹಾಕಿಸಿಕೊಂಡಿದ್ದಾರೆ. ಭಾನುವಾರಗಳಂದು ಅರ್ಧ ನಾನೂ ಟೈಪ್ ಮಾಡುತ್ತೇನೆ, ಶಿರಾದಿಂದ, ವಿಡಿಯೋ ಕಾಲಿನಲ್ಲಿ.

ಹೋದ ಭಾನುವಾರ ಅವರು ತಿರುಮಣಿಯ ಪುಟಕ್ಕೆ ಬಂದರು. ಏಳನೇ ಸಾಲನ್ನು ಗಟ್ಟಿಯಾಗಿ ಓದಿದರು, ಷರಾ ಸಮೇತ. ಓದಿ ನಿಂತರು. “ಇದು ನಿಮ್ದು ಕಣಮ್ಮ. ತೆಗೀಲಾ?”

“ಯಾವ ತೆಗೀಲಾ?” ಅಂದೆ.

ಅವರು ನಕ್ಕರು. ನನಗೂ ನಗು ಬಂತು. ಬಂದ ಹಾಗೇ ಕೈ ಬಾಯಿಯ ತನಕ ಹೋಗಿಬಿಟ್ಟಿತ್ತು. ಫೋನಿನ ಆಚೆಯಿಂದ ವನಜಾಕ್ಷಿ ಅದನ್ನೇ ನೋಡುತ್ತಿದ್ದರು.

“ಮೇಷ್ಟ್ರು ಬರ್ದಿರೋದು ಸರಿಯಾಗೇ ಐತೆ ಬುಡಿ, ಇರ್ಲಿ” ಎಂದು, ಕೇಳದೆ ಎಂಟರ್ ಒತ್ತಿದರು.